ನನ್ನ ಮಗ್ಗ ನೋಡಿಕೊ

ಮಗ್ಗದ ಶೆಡ್ಡಿನೊಳಗೆ ಬಾಯಿಬಿಟ್ಟು ಮಾತಾಡುವವರು ಹೊಸಬರು ಮಾತ್ರ. ಬಂದ ಹೊಸದರಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ಆಮೇಲೆ ಗಂಟಲು ಕಟ್ಟಿಕೊಂಡು ತೆಪ್ಪಗೆ ಕೈಮಾತು ಕಲಿಯುತ್ತಾರೆ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತವರು ಪ್ರಾಣ ಹೋಗುತ್ತಿದೆ ಎಂದು ಅರಚಿದರೂ ಕೇಳಿಸದು. ಹಾಗಾಗಿ ಅಲ್ಲಿ ಎಲ್ಲದಕ್ಕೂ ಒಂದೊಂದು ಸನ್ನೆ. ಹೆಬ್ಬೆರಳು ತೋರುಬೆರಳು ಉಜ್ಜಿ ಬಿಡಿಸಿದರೆ ದಾರ ಹರಿಯಿತು ಎಂದರ್ಥ. ಮೇಲ್ತುಟಿಯ ಮೇಲೆ ಬೆರಳೆಳೆದರೆ ಮೇಸ್ತ್ರಿ ಬಂದ ಎಂದರ್ಥ. ಆ ಮೇಸ್ತ್ರಿ ಮೀಸೆ ಬೋಳಿಸಿ ಎಷ್ಟೋ ಕಾಲವಾಯಿತು, ಆದರೂ ಅವನ ಹೆಸರು ಮೀಸೆ ಎಂದೇ ಉಳಿದುಬಿಟ್ಟಿದೆ, ಪಾಪ.

ಇನ್ನೊಂದು ಸನ್ನೆ ಇದೆ, ನಮಗೆ ಬೇಕಾದ್ದು ಅದು. ನೀರು ಕುಡಿಯುವುದಕ್ಕೋ ಬಚ್ಚಲಿಗೋ ಹೋಗಬೇಕಾದರೆ ಓಡುತ್ತಿರುವ ಮಗ್ಗವನ್ನು ಬಿಟ್ಟು ಸುಮ್ಮನೆ ಹೊರಡುವಂತಿಲ್ಲ. ಎರಡು ಬೆರಳನ್ನು ಕಣ್ಣಿಗೆ ತೋರಿಸಿ, ಆಮೇಲೆ ತನ್ನ ಮಗ್ಗದ ಕಡೆ ತೋರಿಸಬೇಕು. ನನ್ನ ಮಗ್ಗ ನೋಡಿಕೊ, ಈಗ ಬಂದೆ. ಎದುರಿನವರು ಅಂಗೈಯನ್ನು ಎದೆಯ ಮೇಲೆ ಇಟ್ಟರೆ, ಆಯಿತು ಹೋಗು, ನೀನು ಬರುವ ತನಕ ನನ್ನದು ಎಂದರ್ಥ. ಆ ಕೈ ಎದೆಗೆ ಬರದೆ ಯಾರೂ ಜಾಗ ಬಿಡುವುದಿಲ್ಲ. ಎಷ್ಟೇ ಅವಸರವಿರಲಿ, ಹೊಟ್ಟೆ ಹಿಡಿದುಕೊಂಡಾದರೂ ನಿಂತಿರುತ್ತಾರೆ.

ಅಕ್ಕ ಮತ್ತು ತಂಗಿ ಅಲ್ಲಿ ಎದುರುಬದುರು ಸಾಲಿನಲ್ಲಿ ನೇಯುತ್ತಿದ್ದರು. ತಂಗಿ ಗಿಡ್ಡಿ, ಒಂದು ಕಡೆ ನಿಲ್ಲುವವಳಲ್ಲ, ಹಾಗಾಗಿ ಅಕ್ಕ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಕೈಮಾತಿನಲ್ಲಿ ಕರೆಯಬೇಕಾದರೆ ಹೆಬ್ಬೆರಳು ತೋರುಬೆರಳು ಕೊಕ್ಕು ಮಾಡಿ ಗಾಳಿಯಲ್ಲಿ ಕುಟುಕುತ್ತಿದ್ದಳು. ಮದುವೆಯಾಗಿ ಮನೆ ಬೇರೆಯಾದರೂ ಬೀದಿ ಒಂದೇ, ಪಾಳಿ ಒಂದೇ, ಒಲೆಯ ಮೇಲೆ ಏನಿದೆ ಎನ್ನುವುದು ಇಬ್ಬರಿಗೂ ಗೊತ್ತು.

ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸ್ವಲ್ಪ ಮಂದ ಅಂತಲ್ಲ, ಪೂರ್ತಿ ಹೋಗಿತ್ತು. ಮಗ್ಗ ತಿಂದುಹಾಕಿತ್ತು. ಯಾವಾಗ ಹೋಯಿತೆಂದು ಅವಳಿಗೂ ಗೊತ್ತಿಲ್ಲ, ಒಂದು ದಿನ ನಲ್ಲಿ ಬಿಟ್ಟರೆ ಸದ್ದಿಲ್ಲದೆ ನೀರು ಬರುತ್ತಿತ್ತಂತೆ. ಆದರೆ ಮಿಲ್ಲಿನಲ್ಲಿ ಒಂದು ಕಾನೂನು. ಬೆಂಕಿಯ ಗಂಟೆ ಕೇಳಿಸದವರನ್ನು ಮಗ್ಗದ ಮೇಲೆ ನಿಲ್ಲಿಸುವುದಿಲ್ಲ, ಗೋದಾಮಿನಲ್ಲಿ ಕಸ ಗುಡಿಸಲು ಹಾಕುತ್ತಾರೆ. ಅಕ್ಕ ಎಂದರೆ ಇಡೀ ಶೆಡ್ಡಿಗೇ ಎತ್ತಿದ ಕೈ, ಅವಳು ನೇಯ್ದ ಬಟ್ಟೆಯಲ್ಲಿ ಒಂದು ಗಂಟು ಹುಡುಕಿ ತೋರಿಸಿ ನೋಡೋಣ. ಅವಳ ಕೈಗೆ ಪೊರಕೆಯೇ? ಅಕ್ಕತಂಗಿ ಇಬ್ಬರೂ ಸೇರಿ ಬಾಯಿಗೆ ಬೀಗ ಹಾಕಿಕೊಂಡರು.

ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುವವರು ಬರುತ್ತಾರೆ. ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಸದ್ದು ಕೇಳಿದಾಗ ಕೈಯೆತ್ತು ಎನ್ನುತ್ತಾರೆ. ಪರೀಕ್ಷೆಯವನು ಗುಂಡಿ ಒತ್ತಿದಾಗಲೆಲ್ಲ ಅವನ ಬೆನ್ನ ಹಿಂದೆ ಸಾಲಿನಲ್ಲಿ ನಿಂತ ಗುಬ್ಬಿ ಮೂಗು ಕೆರೆದುಕೊಳ್ಳುತ್ತಿದ್ದಳು, ಗಾಜಿನೊಳಗೆ ಅಕ್ಕ ಕೈಯೆತ್ತುತ್ತಿದ್ದಳು. ಒಮ್ಮೆ ಗುಬ್ಬಿಗೆ ನಿಜವಾಗಿಯೂ ಮೂಗು ತುರಿಸಿತು. "ಸದ್ದೇ ಮಾಡದೆ ಇದ್ರೂ ಕೇಳಿಸುತ್ತಲ್ಲಮ್ಮ ನಿಂಗೆ!" ಎಂದನಂತೆ ಆ ಪುಣ್ಯಾತ್ಮ. ಅವತ್ತು ಇಬ್ಬರೂ ಮನೆಗೆ ಬಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಅಕ್ಕನ ಗಂಡನಿಗಾದರೂ ಗೊತ್ತಿತ್ತೇ ಅಂದರೆ, ಅದೂ ಇಲ್ಲ. ಭಾವ ಬಸ್ಸಿನ ಡ್ರೈವರ್, ಊರೂರು ಸುತ್ತುವ ಮನುಷ್ಯ. ಮನೆಗೆ ಬಂದು ಎದುರು ಕೂತು ಮಾತಾಡಿದರೆ ಅಕ್ಕ ತುಟಿ ನೋಡಿ ಸರಿಯಾಗಿಯೇ ಉತ್ತರ ಕೊಡುತ್ತಿದ್ದಳು. ಬೆನ್ನ ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಅದನ್ನು ಅವನು ಕೊಬ್ಬು ಎಂದುಕೊಂಡಿದ್ದ.

ಕಿವಿಯ ಜೊತೆ ಇನ್ನೊಂದು ಇತ್ತು, ಬಿ.ಪಿ. ಮಾತ್ರೆ ಕೊಟ್ಟಿದ್ದರು. ಆ ಮಾತ್ರೆ ನುಂಗಿದರೆ ಗಳಿಗೆಗೊಂದು ಸಲ ಬಚ್ಚಲಿಗೆ ಓಡಬೇಕು, ಪ್ರತಿ ಸಲ ಯಾರಿಗಾದರೂ ಕಣ್ಣು ತೋರಿಸಿ ಮಗ್ಗ ತೋರಿಸಿ ಹಲ್ಲು ಗಿಂಜಬೇಕು. ಅಕ್ಕನಿಗೆ ಅದು ಸರಿಬರಲಿಲ್ಲ. ಪಾಳಿ ಇದ್ದ ದಿನ ಮಾತ್ರೆ ಇಲ್ಲ, ರಜೆಯ ದಿನ ಮಾತ್ರ ಮಾತ್ರೆ ಎಂದು ತಾನೇ ಒಂದು ವೈದ್ಯ ಮಾಡಿಕೊಂಡಳು. ಗುಬ್ಬಿಗೆ ಇದೂ ಗೊತ್ತಿತ್ತು. ಗದರಿಸಿದ್ದಳು ಕೂಡ, ಆದರೆ ಅಕ್ಕನನ್ನು ಗದರಿಸಿ ಗೆದ್ದವರು ಯಾರು.

ಆ ದಿನ ಬೆಳಗಿನ ಪಾಳಿ. ಅಕ್ಕ ಬಂದಾಗಿನಿಂದ ಹಿಂದಲೆಗೆ ಕೈ ಒತ್ತಿಕೊಳ್ಳುತ್ತಿದ್ದಳು. ನೋವು, ಎಂದು ಸನ್ನೆ ಮಾಡಿದಳು. ಆಮೇಲೆ ಕಾಲು ಅಗಲಿಸಿ ಅಗಲಿಸಿ ಇಡತೊಡಗಿದಳು, ಮಗ್ಗದ ಅಂಚು ಹಿಡಿದು ಜೋಲಿ ತಪ್ಪಿಸಿಕೊಂಡಳು. ಗುಬ್ಬಿಗೆ ನಗು. ಹೆಬ್ಬೆರಳನ್ನು ಬಾಯಿಗೆ ಎತ್ತಿ, ಏನೇ, ಬೆಳಬೆಳಗ್ಗೆಯೇ ಏರಿಸಿಕೊಂಡು ಬಂದಿದ್ದೀಯಾ ಎಂದು ಕೇಳಿದಳು. ಅಕ್ಕ ನಗಲಿಲ್ಲ. ಎರಡು ಬೆರಳನ್ನು ಕಣ್ಣಿಗೆ ತೋರಿಸಿ ಮಗ್ಗ ತೋರಿಸಿದಳು.

ನನ್ನ ಮಗ್ಗ ನೋಡಿಕೊ.

ಇಲ್ಲಿ ಅಕ್ಕತಂಗಿಯರ ಹಳೆಯ ಆಟ ಒಂದಿತ್ತು. ಒಬ್ಬಳು ಬಚ್ಚಲಿಗೆ ಅವಸರವಾಗಿ ಕೇಳಿದರೆ ಇನ್ನೊಬ್ಬಳು ಕಾಣದವಳಂತೆ ಸೂರು ನೋಡುತ್ತ ನಿಲ್ಲುವುದು. ಕೇಳಿದವಳು ಕುಣಿಯಬೇಕು, ಕೈಮುಗಿಯಬೇಕು, ಆಮೇಲೆ ಎದೆಗೆ ಕೈ. ಗುಬ್ಬಿ ಸೂರು ನೋಡಿದಳು. ಸ್ವಲ್ಪ ಹೊತ್ತು ಹೆಚ್ಚಿಗೆಯೇ ನೋಡಿದಳು. ತಿರುಗುವಷ್ಟರಲ್ಲಿ ಅಕ್ಕ ನಿಂತಲ್ಲೇ ಕುಸಿದಿದ್ದಳು, ಬಾಯಿಂದ ವಾಂತಿ ಹರಿಯುತ್ತಿತ್ತು, ಒಂದು ಕೈ ಇನ್ನೂ ಮಗ್ಗದ ಕಡೆಗೇ ಚಾಚಿತ್ತು. ಉತ್ತರ ಸಿಗದೆ ಅವಳು ಜಾಗ ಬಿಟ್ಟಿರಲಿಲ್ಲ.

ಮೀಸೆಯೇ ಮಿಲ್ಲಿನ ಗಾಡಿ ತರಿಸಿದ, ತಾನೂ ಹತ್ತಿ ಕೂತ. ದಾರಿಯುದ್ದಕ್ಕೂ ಅಕ್ಕನ ತಲೆ ಗುಬ್ಬಿಯ ತೊಡೆಯ ಮೇಲೆ. ಮಾತಾಡಲು ನೋಡಿದಳು, ನಾಲಿಗೆ ದಪ್ಪವಾಗಿತ್ತು. ಮತ್ತೆ ವಾಂತಿ, ಆಮೇಲೆ ಮಂಪರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಂದರು, ನಡುವಯಸ್ಸಿನವರು, ಮುಖಕ್ಕೆ ಮಾಸ್ಕು, ಕಣ್ಣು ಮಾತ್ರ ಕಾಣುತ್ತಿತ್ತು. ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ ನರ್ಸು ಮತ್ತೊಮ್ಮೆ ನೋಡಿದಳು, ಇನ್ನೊಂದು ಕೈಯಲ್ಲೂ ನೋಡಿದಳು.

"ಬಿ.ಪಿ. ಮೊದಲಿಂದಾನೂ ಇತ್ತಾ?" ಡಾಕ್ಟರಮ್ಮ ಕೇಳಿದರು.

"ಇತ್ತು ಮೇಡಂ."

"ಮಾತ್ರೆ ತಗೊಳ್ತಿದ್ರಾ?"

"ತಗೊಳ್ತಾಳೆ. ರಜೆ ದಿನ."

ಡಾಕ್ಟರಮ್ಮ ಗುಬ್ಬಿಯ ಮುಖವನ್ನೇ ನೋಡಿದರು. ಬೈಯಲಿಲ್ಲ. "ತಲೆಗೆ ಪೆಟ್ಟು ಬಿದ್ದಿತ್ತಾ? ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ? ಸಕ್ಕರೆ ಕಾಯಿಲೆ? ಕಣ್ಣು, ಕಿವಿ ಎಲ್ಲ ಸರಿ ಇದೆಯಾ?"

ಮೀಸೆ ಪಕ್ಕದಲ್ಲೇ ನಿಂತಿದ್ದ. ಗುಬ್ಬಿಯ ಬಾಯಿಂದ ಮಾತು ತಾನಾಗಿಯೇ ಬಂತು. ವರ್ಷಗಟ್ಟಲೆ ತೊಳೆದು ಒಣಗಿಸಿ ಮಡಿಚಿಟ್ಟ ಸುಳ್ಳು, ಕೇಳಿದ ಕೂಡಲೇ ಕೈಗೆ ಸಿಗುವ ಹಾಗಿತ್ತು.

"ಕಿವಿ ಚೆನ್ನಾಗಿದೆ ಮೇಡಂ. ತುಂಬಾ ಚೆನ್ನಾಗಿದೆ."

ನಾಳೆ ನಾಡಿದ್ದು ಅಕ್ಕ ಎದ್ದು ಬಂದರೆ ಮಗ್ಗ ಇರಬೇಕಲ್ಲ. ಗುಬ್ಬಿಯ ತಲೆಯಲ್ಲಿ ಆ ಗಳಿಗೆ ಇದ್ದದ್ದು ಅಷ್ಟೇ. ತಲೆಯೊಳಗಿನ ಕಾಯಿಲೆಗೂ ಕಿವಿಗೂ ಏನು ಸಂಬಂಧ ಎಂದು ಅವಳಿಗೆ ಹೊಳೆಯಲೇ ಇಲ್ಲ.

ತಲೆಯ ಚಿತ್ರ ತೆಗೆಸಿಕೊಂಡು ಬಂದರು. ಅಷ್ಟರಲ್ಲಿ ಭಾವನೂ ಓಡೋಡಿ ಬಂದ, ಡ್ರೈವರಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಡಾಕ್ಟರಮ್ಮ ಇಬ್ಬರನ್ನೂ ಒಂದು ಸಣ್ಣ ಕೋಣೆಗೆ ಕರೆದು, ಗೋಡೆಯ ದೀಪದ ಮುಂದೆ ಆ ಚಿತ್ರ ಹಿಡಿದರು. ತಲೆಯ ಹಿಂಭಾಗದಲ್ಲಿ, ಕುತ್ತಿಗೆಯಿಂದ ಸ್ವಲ್ಪ ಮೇಲೆ, ಬೆಳ್ಳಗೆ ಒಂದು ಮಚ್ಚೆ ಇತ್ತು.

"ಇದು ರಕ್ತ," ಅಂದರು. "ನಾಳ ಒಡೆದು ಒಳಗೇ ಸೋರಿದೆ. ಹೀಗೆ ಬರೋರದ್ದು ಸುಮಾರಾಗಿ ಇದೇ ಕತೆ. ಬಿ.ಪಿ. ಇರುತ್ತೆ, ಮಾತ್ರೆ ಬಿಟ್ಟಿರ್ತಾರೆ. ಒಮ್ಮೆಲೇ ತಲೆನೋವು, ವಾಂತಿ, ನಡೆದ್ರೆ ಜೋಲಿ, ಮಾತು ತೊದಲು, ಆಮೇಲೆ ಮಂಪರು. ಆ ಮಂಪರು ಎಷ್ಟು ಆಳ ಇದೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ."

"ಆಪರೇಷನ್ ಮಾಡಿದ್ರೆ?" ಭಾವ ಕೇಳಿದ.

"ಈ ಜಾಗದಲ್ಲಿ ತಲೆ ತೆರೆದು ರಕ್ತ ತೆಗೆದ್ರೆ ಬದುಕಿಸಬಹುದು. ಎಷ್ಟೋ ಜನರನ್ನ ಬದುಕಿಸಿದೀವಿ. ಆದ್ರೆ ಮಂಪರು ತುಂಬಾ ಆಳಕ್ಕೆ ಹೋಗಿಬಿಟ್ಟಿದ್ರೆ ಆಪರೇಷನ್ ಮಾಡಿಯೂ ಪ್ರಯೋಜನ ಆಗಲ್ಲ. ಉಸಿರು ಇರುತ್ತೆ, ಮನುಷ್ಯ ಇರಲ್ಲ." ಡಾಕ್ಟರಮ್ಮ ಚಿತ್ರವನ್ನು ಕೆಳಗಿಳಿಸಿದರು. "ವಾಂತಿ ಶ್ವಾಸಕೋಶಕ್ಕೆ ಹೋಗಬಾರದು ಅಂತ ಬಾಯಿಗೆ ಕೊಳವೆ ಹಾಕಿದೀವಿ, ಹಾಗಾಗಿ ಮಾತಾಡೋಕೆ ಆಗಲ್ಲ, ಅದು ಸರಿ. ಆದ್ರೆ ಹೇಳಿದ್ದು ಕೇಳಬೇಕಲ್ಲ? ಚುಚ್ಚಿದ್ರೆ ಕೈ ಎಳ್ಕೊಳ್ತಾರೆ, ಅಷ್ಟೇ. ಕಣ್ಣು ಬಿಡಿ ಅಂದ್ರೆ ಬಿಡಲ್ಲ, ಬೆರಳು ತೋರಿಸಿ ಅಂದ್ರೆ ತೋರಿಸಲ್ಲ. ಮತ್ತಿನ ಮದ್ದು ಪೂರ್ತಿ ನಿಲ್ಲಿಸಿ, ಕಿವಿ ಹತ್ರ ಬಾಗಿ, ನಾನೇ ಕೂಗಿ ಕೂಗಿ ಸಾಕಾಯ್ತು. ಒಂದೇ ಒಂದು ಮಾತು ಕೇಳಿದ್ರೂ ಈಗಲೇ ಒಳಗೆ ಕರ್ಕೊಂಡು ಹೋಗ್ತಿದ್ದೆ. ನಿಮ್ಮನ್ನ ಎರಡನೇ ಸಲ ಕೇಳ್ತಾನೂ ಇರಲಿಲ್ಲ. ಈಗ ನೀವೇ ಯೋಚನೆ ಮಾಡಿ ಹೇಳಿ. ತುಂಬಾ ಹೊತ್ತು ಮಾಡಬೇಡಿ."

ಇಲ್ಲಿ ನಿಮಗೆ ಸಿಟ್ಟು ಬರುತ್ತದೆ. ನನಗೂ ಬರುತ್ತದೆ. ಎದುರಿಗೇ ನಿಂತು ಕೇಳಿಸಿಕೊಂಡಳಲ್ಲ ಈ ಗುಬ್ಬಿ, ಬಾಯಿ ಬಿಡಬಾರದಾಗಿತ್ತೇ! ಆದರೆ ಅವಳ ಜಾಗದಲ್ಲಿ ನಿಂತು ನೋಡಿ. ಮನೆಯಲ್ಲಾಗಲಿ ಮಿಲ್ಲಿನಲ್ಲಾಗಲಿ ಅವಳು ಅಕ್ಕನ ಜೊತೆ ದನಿ ಎತ್ತಿ ಮಾತಾಡಿದ್ದೇ ಇಲ್ಲ. ತುಟಿ ಆಡಿಸಿದರೆ ಅಕ್ಕನಿಗೆ ಅರ್ಥವಾಗುತ್ತಿತ್ತು, ಕೈ ಎತ್ತಿದರೆ ಸಾಕಾಗಿತ್ತು, ಒಮ್ಮೊಮ್ಮೆ ಹುಬ್ಬು ಏರಿಸಿದರೂ ಆಗುತ್ತಿತ್ತು. ಪರೀಕ್ಷೆಯ ದಿನ ಒಂದು ಬಿಟ್ಟರೆ ಅಕ್ಕ ಕಿವುಡಿ ಎನ್ನುವುದೇ ಅವಳ ನೆನಪಿನಲ್ಲಿ ಇರುತ್ತಿರಲಿಲ್ಲ. ಹೇಳಿದ್ದು ಅಕ್ಕನಿಗೆ ಗೊತ್ತಾಗುತ್ತಿಲ್ಲ ಎಂದು ಡಾಕ್ಟರಮ್ಮ ಅಂದಾಗ, ಅಕ್ಕ ಅಷ್ಟು ದೂರ ಹೋಗಿಬಿಟ್ಟಳೇ ಎಂದು ಗುಬ್ಬಿಯ ಎದೆ ಒಡೆಯಿತು, ಅಷ್ಟೇ. ಗೋಡೆಗೆ ಹಣೆಯಿಟ್ಟು ಅತ್ತಳು.

ಹೊರಗೆ ಉದ್ದನೆಯ ಬೆಂಚು. ಮೀಸೆ ಇನ್ನೂ ಹೋಗಿರಲಿಲ್ಲ, ಒಂದು ತುದಿಯಲ್ಲಿ ಕೂತಿದ್ದ. ಭಾವ ತಲೆಯ ಮೇಲೆ ಕೈಹೊತ್ತು ಇನ್ನೊಂದು ತುದಿಯಲ್ಲಿ ಕೂತ. ಗುಬ್ಬಿ ಅವನ ಕಾಲ ಬಳಿ ನೆಲದ ಮೇಲೇ ಕುಸಿದಳು.

"ಬೇಡ," ಅಂದ ಭಾವ, ಎಷ್ಟೋ ಹೊತ್ತಿನ ಮೇಲೆ. "ತಲೆ ಕೊಯ್ಯೋದು ಬೇಡ. ಹಿಂಸೆ ಕೊಟ್ಟು ಕಳಿಸೋದು ಬೇಡ."

"ಭಾವ, ಹಂಗನ್ಬೇಡಿ. ಒಂದು ಸಲ ನೋಡೋಣ."

"ಏನು ನೋಡೋದು? ಅವರೇ ಹೇಳಿದ್ರಲ್ಲ." ಎದ್ದು ಹೋಗಿ ಬಾಗಿಲಲ್ಲಿದ್ದ ನರ್ಸಿಗೆ ಅದೇ ಮಾತು ಹೇಳಿ ಬಂದ. ವಾಪಸ್ಸು ಬಂದವನು ಕೂರಲಿಲ್ಲ, ನಿಂತೇ ಅಳತೊಡಗಿದ. ಗಟ್ಟಿ ಆಳು, ಎಂದೂ ಅತ್ತವನಲ್ಲ, ಅಳುವುದು ಹೇಗೆಂದೇ ಅವನಿಗೆ ತಿಳಿಯದು, ನಗುವಿನ ಹಾಗೆ ಏನೋ ಹೊರಟಿತು ಬಾಯಿಂದ. "ಬೆನ್ನ ಹಿಂದೆ ನಿಂತು ಕರೆದ್ರೆ ನಂಗೇ ಒಂದು ದಿನ ಓಗೊಟ್ಟೋಳಲ್ಲ ಕಣೇ ಅವಳು. ಕೂಗಿ ಕೂಗಿ ನಾನೇ ಎದುರಿಗೆ ಹೋಗಿ ನಿಲ್ಬೇಕಾಗಿತ್ತು. ಇನ್ನು ಇವರು ಕೂಗಿದ್ರೆ ಓಗೊಡ್ತಾಳಾ?"

ಗುಬ್ಬಿ ತಲೆಯೆತ್ತಿದಳು. ಅಳು ಅಲ್ಲಿಗೇ ನಿಂತುಹೋಯಿತು.

ಡಾಕ್ಟರಮ್ಮನ ಮಾಸ್ಕು. ನರ್ಸಿನ ಮಾಸ್ಕು. ಒಳಗಿರುವ ಪ್ರತಿಯೊಬ್ಬರ ಮುಖಕ್ಕೂ ಮಾಸ್ಕು. ಕಿವಿ ಹತ್ರ ಬಾಗಿ ಕೂಗಿದೆ ಅಂದರು. ಅಯ್ಯೋ ದೇವರೇ, ಕಿವಿ ಹತ್ರ!

"ಅವಳಿಗೆ ಕೇಳಿಸಲ್ಲ!" ಗುಬ್ಬಿ ಕಿರುಚಿದಳು. ಇಡೀ ಮೊಗಸಾಲೆ ತಿರುಗಿ ನೋಡಿತು. "ಭಾವ, ಅಕ್ಕನಿಗೆ ಕಿವಿ ಇಲ್ಲ! ಪೂರ್ತಿ ಕಿವುಡು! ನಾನು ಸುಳ್ಳು ಹೇಳ್ದೆ!"

ಭಾವ ಬಾಯಿ ತೆರೆದು ನಿಂತ. ಗುಬ್ಬಿಯ ಕಣ್ಣು ಮೀಸೆಯ ಮೇಲೆ ಬಿತ್ತು. ಇನ್ನೇನು ಹೋಯಿತು, ಮಗ್ಗ ಹೋಯಿತು, ಹಾಳಾಗಿ ಹೋಗಲಿ ಮಗ್ಗ. ಆದರೆ ಮೀಸೆ ಬೆಚ್ಚಿಬೀಳಲಿಲ್ಲ. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಗೊತ್ತು ಕಣಮ್ಮ," ಅಂದ ಮೆಲ್ಲಗೆ. "ಯಾವತ್ತಿಂದಲೋ ಗೊತ್ತು. ಶೆಡ್ಡಲ್ಲಿ ಯಾರಿಗೆ ಗೊತ್ತಿಲ್ಲ? ಪರೀಕ್ಷೆ ದಿನ ನೀನು ಮೂಗು ಕೆರ್ಕೊಳ್ಳೋದು ನೋಡಿ ನಾನು ಆಕಡೆ ಹೋಗಿ ನಗ್ತಿದ್ದೆ."

"ಗೊತ್ತಿತ್ತಾ? ಗೊತ್ತಿದ್ದೂ ಇಲ್ಲಿ ಯಾಕೆ ಹೇಳ್ಲಿಲ್ಲ?"

"ನೀನೇ ಚೆನ್ನಾಗಿದೆ ಅಂದೆ. ನನ್ನೆದುರಿಗೆ ಹೇಳೋಕೆ ನಿಂಗೆ ಭಯ ಅಂತ ಗೊತ್ತಾಯ್ತು. ನಾನು ಬಾಯಿ ಹಾಕಿದ್ರೆ ನಿನಗೆ ಮರ್ಯಾದೆ ಹೋಗುತ್ತೆ, ಆಮೇಲೆ ನೀನೇ ಒಳಗೆ ಹೋಗಿ ಹೇಳ್ಕೊಳ್ತೀಯ ಅಂದ್ಕೊಂಡೆ." ಅವನು ಬೆಂಚಿನಿಂದ ಎದ್ದು ನಿಂತ. "ಹೇಳಿರ್ತೀಯ ಅಂದ್ಕೊಂಡೇ ಕೂತಿದ್ದೆ ಕಣಮ್ಮ ಇಷ್ಟು ಹೊತ್ತೂ."

ಹೀಗೆ ಎಲ್ಲರೂ ಒಳ್ಳೆಯವರೇ. ಒಬ್ಬರ ಮರ್ಯಾದೆ ಒಬ್ಬರು ಕಾದುಕೊಂಡು ಕೂತಿದ್ದರು, ಒಳಗೆ ಅಕ್ಕನ ತಲೆಯಲ್ಲಿ ರಕ್ತ ಒತ್ತುತ್ತಿತ್ತು. ಗುಬ್ಬಿಗೆ ಅವನನ್ನು ಬೈಯಲೂ ಹೊತ್ತಿರಲಿಲ್ಲ. ಬಾಗಿಲಿಗೆ ಹೋಗಿ ಎರಡೂ ಕೈಯಲ್ಲಿ ಬಡಿದಳು. ತಡೆಯಲು ಬಂದ ಆಯಾಳನ್ನು ತಳ್ಳಿದಳು. ನರ್ಸು ಬಂದಳು, ಅವಳ ಹಿಂದೆಯೇ ಡಾಕ್ಟರಮ್ಮ ಬಂದರು.

"ಮೇಡಂ, ಅಕ್ಕನಿಗೆ ಕಿವಿ ಕೇಳಿಸಲ್ಲ. ಮಗ್ಗದ ಸದ್ದಿಗೆ ಹೋಗಿದೆ. ನಾನು ಚೆನ್ನಾಗಿದೆ ಅಂದಿದ್ದು ಸುಳ್ಳು. ತುಟಿ ನೋಡಿದ್ರೆ ಮಾತ್ರ ಗೊತ್ತಾಗೋದು. ನೀವೆಲ್ಲ ಮುಖ ಮುಚ್ಕೊಂಡಿದೀರ. ನನ್ನ ಒಳಗೆ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಡಾಕ್ಟರಮ್ಮ ಅವಳ ಮುಖಕ್ಕೂ ಒಂದು ಮಾಸ್ಕು ಸಿಕ್ಕಿಸಿದರು. ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೇ ಹೋದರು.

ಒಳಗೆ ಸಾಲು ಮಂಚಗಳು, ಬೀಪ್ ಬೀಪ್ ಎನ್ನುವ ಪೆಟ್ಟಿಗೆಗಳು. ಅಕ್ಕ ಮಲಗಿದ್ದಳು. ಬಾಯಲ್ಲಿ ಕೊಳವೆ, ಕೆನ್ನೆಗೆ ಅಂಟುಪಟ್ಟಿ, ಕಣ್ಣು ಮುಚ್ಚಿತ್ತು. ಮಗ್ಗದ ಮುಂದೆ ನೆಟ್ಟಗೆ ನಿಲ್ಲುವ ಹೆಂಗಸು ಹಾಸಿಗೆಯಲ್ಲಿ ತೀರಾ ಚಿಕ್ಕವಳಾಗಿ ಕಂಡಳು. ಗುಬ್ಬಿ ಅವಳ ಭುಜ ಹಿಡಿದು ಅಲುಗಿಸಿದಳು. ಕೆನ್ನೆ ತಟ್ಟಿದಳು. ರೆಪ್ಪೆ ಒಂದು ಎಳೆಯಷ್ಟು ತೆರೆಯಿತು. ಗುಬ್ಬಿ ತನ್ನ ಮಾಸ್ಕನ್ನು ಕಿತ್ತೆಸೆದು, ಆ ಎಳೆಯಷ್ಟು ಸಂದಿಯ ನೇರಕ್ಕೆ ಮುಖ ತಂದು, ಬೆರಳಿನಲ್ಲಿ ಕೊಕ್ಕು ಮಾಡಿ ಗಾಳಿಯಲ್ಲಿ ಕುಟುಕಿದಳು.

ಏನೂ ಆಗಲಿಲ್ಲ.

ಮತ್ತೆ ಕುಟುಕಿದಳು. ಅಕ್ಕಾ, ಗುಬ್ಬಿ ಕಣೇ, ನಿನ್ನ ಗುಬ್ಬಿ, ಎಂದು ದನಿಯಿಲ್ಲದೆ ತುಟಿಯಾಡಿಸಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಉಜ್ಜಿ ಬಿಡಿಸಿದಳು. ದಾರ ಹರಿದಿದೆ ಅಕ್ಕ. ನಿನ್ನ ಮಗ್ಗದಲ್ಲಿ ದಾರ ಹರಿದಿದೆ.

ರೆಪ್ಪೆ ಇನ್ನಷ್ಟು ಮೇಲೇರಿತು. ಹಾಸಿಗೆಯ ಮೇಲೆ ಅಕ್ಕನ ಬಲಗೈ ಎದ್ದಿತು. ಹೋಗಬೇಕಾದ ಕಡೆ ಹೋಗದೆ ಅತ್ತಿತ್ತ ಓಲಾಡಿತು, ಗುರಿ ತಪ್ಪಿ ಮಂಚದ ಕಂಬಿಗೆ ಬಡಿಯಿತು. ಆದರೂ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಹುಡುಕಿ, ಉಜ್ಜಿ, ಗಂಟು ಹಾಕುವ ಸನ್ನೆ ಮಾಡಿದವು. ಹರಿದ ದಾರಕ್ಕೆ ಮಾಡಬೇಕಾದ್ದು ಅದೇ.

ಡಾಕ್ಟರಮ್ಮ ಮಾಸ್ಕು ಕೆಳಗೆಳೆದುಕೊಂಡರು. ಬಾಯಿ ಅಗಲಿಸಿ, ಅಕ್ಕನ ಮುಖದ ಮುಂದೆ, "ಎರಡು ಬೆರಳು ತೋರಿಸಿ," ಅಂದರು. ಅಕ್ಕ ಎರಡು ಬೆರಳು ತೋರಿಸಿದಳು. "ಎಡಗೈ ಎತ್ತಿ." ಎತ್ತಿದಳು. ಡಾಕ್ಟರಮ್ಮನ ಮುಖ ಬಣ್ಣ ಬಿಟ್ಟಿತ್ತು.

"ಥಿಯೇಟರ್ ಸಿದ್ಧ ಮಾಡಿ. ಈಗಲೇ," ಎಂದು ಹಿಂದಕ್ಕೆ ತಿರುಗಿ ಕೂಗಿದರು.

"ಬದುಕ್ತಾಳಾ ಮೇಡಂ? ತಡ ಆಯ್ತಾ?" ಗುಬ್ಬಿ ಅವರ ತೋಳು ಹಿಡಿದುಕೊಂಡಳು. "ಬಂದ ಕೂಡ್ಲೇ ನಾನು ಹೇಳಿದ್ರೆ ಆಗ್ತಿತ್ತಾ?"

"ಈಗ ಅದೆಲ್ಲ ಬೇಡ. ಒಳಗಿನ ಒತ್ತಡ ಏರ್ತಾ ಇದೆ. ನಂಗೆ ಕೆಲಸ ಮಾಡೋಕೆ ಬಿಡು," ಅಂದರು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕೇಳಿದ್ದಕ್ಕೆ ಉತ್ತರ ಅದರಲ್ಲೇ ಇತ್ತು.

ಭಾವ ಸಹಿ ಹಾಕಿದ. ತಲೆಗೂದಲು ತೆಗೆದರು. ಗಾಲಿ ಮಂಚ ಹೊರಗೆ ಬಂತು, ಉಸಿರು ಒತ್ತುವ ಚೀಲ ಹಿಡಿದ ನರ್ಸು ಒಂದು ಪಕ್ಕ, ಗುಬ್ಬಿ ಇನ್ನೊಂದು ಪಕ್ಕ ಓಡುತ್ತಿದ್ದಳು. ಭಾವ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ. ಹೆಂಡತಿಗೆ ತನ್ನ ಮುಖ ಕಾಣಲಿ ಎಂದು. ಅವಳಿಗೆ ಕೇಳಿಸದೆಂದು ಗೊತ್ತಿದ್ದು ಅವಳ ಎದುರಿಗೆ ಬಂದು ಮಾತಾಡುತ್ತಿದ್ದದ್ದು ಜೀವಮಾನದಲ್ಲಿ ಅದೇ ಮೊದಲು. "ಬೈದಿದ್ದೆಲ್ಲ ಹೊಟ್ಟೆಗೆ ಹಾಕ್ಕೊಳ್ಳೇ, ಹೊಟ್ಟೆಗೆ ಹಾಕ್ಕೊ," ಎಂದು ಒಂದೇ ಸಮನೆ ಹೇಳುತ್ತಿದ್ದ. ಅಕ್ಕನ ರೆಪ್ಪೆ ಮತ್ತೆ ಇಳಿಯುತ್ತಿತ್ತು, ಅವಳು ಎಷ್ಟು ನೋಡಿದಳೋ ಯಾರಿಗೆ ಗೊತ್ತು.

ಥಿಯೇಟರಿನ ಬಾಗಿಲ ಬಳಿ ಮಂಚ ಒಂದು ಗಳಿಗೆ ನಿಂತಿತು. ಅಕ್ಕನ ಕೈ ಎದ್ದಿತು. ಎರಡು ಬೆರಳು ಕಣ್ಣಿಗೆ ಹೋಗಲು ನೋಡಿ ಹಣೆಗೆ ತಾಗಿದವು. ಆಮೇಲೆ ಕೈ ಹೊರಳಿ ಪಕ್ಕಕ್ಕೆ, ಯಾವ ಮಗ್ಗವೂ ಇಲ್ಲದ ಬಿಳಿ ಗೋಡೆಯ ಕಡೆಗೆ ತೋರಿಸಿತು.

ನನ್ನ ಮಗ್ಗ ನೋಡಿಕೊ, ಈಗ ಬಂದೆ.

ಬೆಳಗ್ಗೆ ಕೇಳಿದ್ದನ್ನೇ ಕೇಳುತ್ತಿದ್ದಳು. ಗುಬ್ಬಿ ಸೂರು ನೋಡಿ ನಿಂತುಬಿಟ್ಟಿದ್ದಳಲ್ಲ, ಆ ಉತ್ತರ ಇನ್ನೂ ಬಾಕಿ ಇತ್ತು.

ಗುಬ್ಬಿಯ ಕೈ ಎದೆಯತ್ತ ಹೊರಟಿತು, ಅರ್ಧದಲ್ಲಿ ನಿಂತಿತು. ಈ ಕೈ ಎದೆಗೆ ಬಂದರೆ ಅಕ್ಕ ಹೊರಡುತ್ತಾಳೆ. ಬರದಿದ್ದರೆ ಜಾಗ ಬಿಡುವುದಿಲ್ಲ, ಎಂಥ ಅವಸರವಿದ್ದರೂ ಬಿಡುವುದಿಲ್ಲ, ಅವಳ ಜಾಯಮಾನವೇ ಅಂಥದ್ದು. ಕೊಡಬಾರದು, ಕೊಡಲೇಬಾರದು ಎನ್ನಿಸಿತು ಗುಬ್ಬಿಗೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅಕ್ಕನ ಕೈ ಬಿತ್ತು. ಮತ್ತೆ ಎದ್ದಿತು. ಹಣೆ, ಗೋಡೆ. ಬಿತ್ತು. ಮತ್ತೆ ಎದ್ದಿತು. ಪ್ರತಿ ಸಲವೂ ಮೊದಲಿಗಿಂತ ಕೆಳಗೇ ನಿಲ್ಲುತ್ತಿತ್ತು.

"ಏನಮ್ಮ ಅದು, ಏನು ಕೇಳ್ತಿದಾರೆ ಅವರು?" ನರ್ಸು ಅವಸರಪಡಿಸಿದಳು. "ಏನಾದ್ರೂ ಹೇಳಿ ಸಮಾಧಾನ ಮಾಡಮ್ಮ, ಬಿ.ಪಿ. ಏರ್ತಿದೆ!"

ಹಿಂದಿನಿಂದ ಮೀಸೆ ಬಂದು ನಿಂತಿದ್ದ. ಅವನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. "ಕೊಡಮ್ಮ," ಅಂದ. "ಕಾಯ್ತಿದಾಳೆ. ಕೊಟ್ಬಿಡು."

ಗುಬ್ಬಿ ಕೈ ಮುಂದೆ ತಂದು ಅಂಗೈಯನ್ನು ಎದೆಯ ಮೇಲೆ ಇಟ್ಟಳು. ಆಯಿತು ಹೋಗು. ನೀನು ಬರುವ ತನಕ ನನ್ನದು.

ಅಕ್ಕನ ಕೈ ಹಾಸಿಗೆಯ ಮೇಲೆ ಇಳಿದು ಸುಮ್ಮನಾಯಿತು. ಕಣ್ಣು ಮುಚ್ಚಿತು. ಬಾಗಿಲು ತೆರೆಯಿತು, ಗಾಲಿಗಳು ಉರುಳಿದವು, ಬಾಗಿಲು ಮುಚ್ಚಿತು.

ಆಮೇಲೆ ಕಾಯುವುದು. ಭಾವ ಗೋಡೆಗೊರಗಿ ಕೂತಿದ್ದ. ಮೀಸೆ ನೀರು ತಂದುಕೊಟ್ಟ, ಗುಬ್ಬಿ ಎಡಗೈಯಲ್ಲಿ ಈಸಿಕೊಂಡು ಕುಡಿದಳು. ಮೀಸೆ ಅವಳ ಬಲಗೈ ನೋಡಿದ. ಕಿಟಕಿಯ ಹೊರಗೆ ಜನ ಸಾಮಾನು ಹಿಡಿದು ಓಡಾಡುತ್ತಿದ್ದರು, ಯಾರೋ ಫೋನಿನಲ್ಲಿ ನಗುತ್ತಿದ್ದರು. ಮಿಲ್ಲಿನಲ್ಲಿ ಈಗ ಪಾಳಿ ಬದಲಾಗುವ ಹೊತ್ತು. ಅಕ್ಕನ ಮಗ್ಗದ ಮುಂದೆ ಯಾರನ್ನು ನಿಲ್ಲಿಸಿದ್ದಾರೋ ಎಂದು ಗುಬ್ಬಿಗೆ ಯೋಚನೆಯಾಯಿತು, ಅಂಥ ಯೋಚನೆ ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ದೇವರೇ, ಅವಳಿಗೆ ಮಾತು ಬರದಿದ್ದರೂ ಪರವಾಗಿಲ್ಲ, ನಡೆಯಲಾಗದಿದ್ದರೂ ಪರವಾಗಿಲ್ಲ, ನಾನೇ ಎತ್ತಿ ಕೂರಿಸಿ ಉಣ್ಣಿಸುತ್ತೇನೆ, ಬೇಕಾದರೆ ನನ್ನ ಕಿವಿ ಎರಡನ್ನೂ ತಗೊ, ಅವಳನ್ನು ಮಾತ್ರ ಕೊಡು.

ಬಾಗಿಲು ತೆರೆದು ಡಾಕ್ಟರಮ್ಮ ಬಂದರು. ಬರುತ್ತ ಬರುತ್ತಲೇ ಮಾಸ್ಕನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ನೇರವಾಗಿ ಗುಬ್ಬಿಯ ಎದುರಿಗೆ ಬಂದು ನಿಂತು, ಅವಳ ಮುಖ ನೋಡಿ, ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಗುಬ್ಬಿಗೆ ಕಿವಿ ಕೇಳಿಸುತ್ತದೆ, ಅವಳಿಗೆ ಹಾಗೆ ಹೇಳಬೇಕಾದ ಅಗತ್ಯವಿರಲಿಲ್ಲ. ಆದರೆ ದನಿ ಬರುವ ಮೊದಲೇ ತುಟಿಯಲ್ಲಿ ಓದಿಕೊಂಡಿದ್ದಳು. ರಕ್ತ ತೆಗೆದರಂತೆ. ತೆಗೆಯುವಷ್ಟರಲ್ಲಿ ಮಿದುಳಿನೊಳಗಿನ ಉಸಿರಿನ ಬೇರನ್ನೇ ಅದು ಒತ್ತಿಬಿಟ್ಟಿತ್ತಂತೆ. ಎಷ್ಟು ನೋಡಿದರೂ ನಿಂತ ಗುಂಡಿಗೆ ಮತ್ತೆ ಬಡಿಯಲಿಲ್ಲವಂತೆ. ಅಕ್ಕ ಇಲ್ಲ.

ಭಾವ ಜೋರಾಗಿ ಹೆಂಡತಿಯ ಹೆಸರು ಹಿಡಿದು ಕೂಗಿದ. ಮೊಗಸಾಲೆಯಲ್ಲಿ ಅದು ತುಂಬ ಹೊತ್ತು ಕೇಳಿಸುತ್ತಿತ್ತು.

ಗುಬ್ಬಿ ಅಳಲಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು, ಬಲಗೈ ಎದೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಬೆರಳು ಬೆಳ್ಳಗಾಗಿದ್ದವು. ಮೀಸೆ ಬಂದು ಪಕ್ಕದಲ್ಲಿ ಕೂತ, ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಲು ನೋಡಿದ.

"ಕೈ ಇಳಿಸಮ್ಮ," ಅಂದ. "ಸಾಕು. ಇಳಿಸು."

"ಅವಳು ಬರಲಿ," ಅಂದಳು ಗುಬ್ಬಿ.